ಎರಡನೇ ಸರ್ವರ್ ಪ್ರಭಾರ ವಹಿಸಿಕೊಂಡ ಬಗ್ಗೆ

ದಾಖಲೆ ಕಚೇರಿಯಲ್ಲಿ ಈವರೆಗೆ ಯಾವುದೂ ಕೆಟ್ಟಿಲ್ಲ. ಕೆಡುವುದಕ್ಕೆ ಕಚೇರಿಯ ನಿಯಮಾವಳಿಯಲ್ಲಿ ಅವಕಾಶವಿಲ್ಲ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತರೆ ಅದು ತಾತ್ಕಾಲಿಕ ತಂಗುವಿಕೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಅದು ಒಣ ಅವಧಿ. ಊರಿನವರ ಮನೆ, ಮದುವೆ, ಹುಟ್ಟು, ಸಾವು ಎಲ್ಲದರ ಕಡತಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಏಕೈಕ ಸರ್ವರ್ ವಾರಕ್ಕೊಮ್ಮೆಯಾದರೂ ಕಣ್ಣು ಮುಚ್ಚುತ್ತಿತ್ತಲ್ಲ, ಅದನ್ನು ಕೂಡ ಯಾರೂ ಕೆಟ್ಟಿತು ಅನ್ನುತ್ತಿರಲಿಲ್ಲ. ಕಿಟಕಿಯ ಹೊರಗೆ ಸಾಲಾಗಿ ನಿಂತವರಿಗೆ "ಸರ್ವರ್ ಡೌನ್" ಎಂದು ಒಂದೇ ಮಾತು ಹೇಳಿ ಒಳಗಿನವರು ಟೀಗೆ ಹೊರಡುತ್ತಿದ್ದರು. ಸಾಲಿನವರೂ ತಿಳಿವಳಿಕೆಯುಳ್ಳವರು. ಡೌನ್ ಎಂಬುದು ಹೊತ್ತು ಮುಳುಗಿದ ಹಾಗೆ, ಮನುಷ್ಯರ ಕೈಯಲ್ಲಿಲ್ಲದ ಸಂಗತಿ ಎಂದು ಅರಿತು, ತಂದ ಕಾಗದಗಳನ್ನು ಮತ್ತೆ ಚೀಲಕ್ಕೆ ತುರುಕಿಕೊಂಡು ಮನೆಗೆ ಹೋಗುತ್ತಿದ್ದರು.

ಬಿದ್ದ ಸರ್ವರನ್ನು ಎಬ್ಬಿಸುವ ವಿದ್ಯೆ ಇಡೀ ಕಚೇರಿಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವಳನ್ನು ಎಲ್ಲರೂ ಸರ್ವರಮ್ಮ ಅನ್ನುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ, ಆದರೂ ಕಚೇರಿ ಅವಳನ್ನು ಒಂದು ಕಬ್ಬಿಣದ ಪೆಟ್ಟಿಗೆಗೆ ತಾಯಿ ಮಾಡಿಟ್ಟಿತ್ತು. ಅವಳನ್ನು ಹೆತ್ತ ತಾಯಿಯ ಕಡೆ ತಿರುಗಿ ನೋಡಲು ಮಾತ್ರ ಅವಳಿಗೆ ಪುರುಸೊತ್ತು ಇರಲಿಲ್ಲ. ಸರ್ವರಮ್ಮನ ಸಂಕಟವೆಲ್ಲ ಇದೊಂದೇ.

ಅಮ್ಮ ಬಟ್ಟೆ ಹೊಲಿಯುವವಳು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ತುಳಿದು ತುಳಿದೇ ಮಗಳನ್ನು ಓದಿಸಿದವಳು. ಈಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲ ಹಿಂದೆ ತೂಗುಹಾಕಿದ್ದ ಮಗಳ ಕೋಟನ್ನೇ ಮಗಳೆಂದುಕೊಂಡು "ಇಷ್ಟು ಹೊತ್ತಾಯ್ತಲ್ಲೇ, ಊಟ ಮಾಡು" ಎಂದು ಗದರುತ್ತಿದ್ದಳು. ಕೋಟು ಉತ್ತರ ಕೊಡದಿದ್ದಾಗ, "ಮೊದಲಿಂದಲೂ ಹೀಗೇ, ಬಾಯಿ ಬಿಟ್ಟು ಒಂದು ಮಾತಾಡಲ್ಲ" ಎಂದು ಅದರ ಮೇಲೆ ಮುನಿಸಿಕೊಳ್ಳುತ್ತಿದ್ದಳು. ಆಪರೇಶನ್ ಮಾಡಿದರೆ ಕಣ್ಣು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ದಿನವೂ ಗೊತ್ತಾಗಿತ್ತು. ಕಣ್ಣಿಗೆ ಹನಿ ಹಾಕಿ, ನೀಲಿ ಟೋಪಿ ತೊಡಿಸಿ, ಇನ್ನೇನು ಒಳಗೆ ಕರೆದೊಯ್ಯಬೇಕು ಅನ್ನುವಾಗ ಸರ್ವರಮ್ಮನ ಫೋನ್ ಹೊಡೆದುಕೊಂಡಿತು. ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು.

"ಸರ್ವರ್ ಮಲಗಿದೆ ಕಣಮ್ಮ."

"ಸರ್, ನಾನು ರಜೆಯಲ್ಲಿದ್ದೀನಿ."

"ರಜೇಲೇ ಇರು ತಾಯಿ, ಬೇಡ ಅಂದವರು ಯಾರು? ಬಂದು ಎಬ್ಬಿಸಿ ಹೋಗಿ ಮತ್ತೆ ರಜೆ ಮುಂದುವರಿಸು."

ಅವಳು ಹೋದಳು. ಜೊತೆಗೆ ಮನೆಯವರೊಬ್ಬರು ಇಲ್ಲದೆ ಆಪರೇಶನ್ ಮಾಡುವಂತಿಲ್ಲ ಎಂಬುದು ಆಸ್ಪತ್ರೆಯ ನಿಯಮ. ಅಮ್ಮ ನೀಲಿ ಟೋಪಿಯಲ್ಲೇ ಆಟೋ ಹತ್ತಿ ಮನೆಗೆ ಬಂದಳು. ಮುಂದಿನ ಸಲವೂ ಹೀಗೇ ಆಯಿತು, ಅದರ ಮುಂದಿನ ಸಲವೂ. ಕೊನೆಗೆ ಡಾಕ್ಟರು ಬೇಸರದಿಂದಲೇ ಹೇಳಿದರು: "ಇನ್ನೂ ಬಿಟ್ರೆ ಪೊರೆ ಕಲ್ಲಾಗುತ್ತೆ. ಆಮೇಲೆ ಬಂದು ನನ್ನ ಮುಂದೆ ಅಳಬೇಡಿ." ಸರ್ವರಮ್ಮ ಅಲ್ಲೇ ಅತ್ತಳು, ಕಾಯಲಿಲ್ಲ.

ಮರುದಿನ ಅವಳು ಗಟ್ಟಿ ಮನಸ್ಸು ಮಾಡಿ ಸಾಹೇಬರ ಕೋಣೆಗೆ ಹೋದಳು. ಅಲ್ಲಿ ಉಪನಿಯಮದವರೂ ಕೂತಿದ್ದರು. ಅವರು ಆಡಳಿತ ವಿಭಾಗದ ಮೇಲ್ವಿಚಾರಕರು. ಬೇರೆಯವರು ಏನಾದರೂ ನಿಯಮ ಹೇಳಿದರೆ ಇವರು ಅದರ ಹೊಟ್ಟೆಯೊಳಗಿನ ಉಪನಿಯಮ ಹೇಳುತ್ತಿದ್ದರು. ಹಾಗಾಗಿ ಆ ಹೆಸರು ನಿಂತಿತ್ತು, ಅವರಿಗೂ ಅದು ಬಿರುದಿನ ಹಾಗೆ ಹಿತವಾಗಿತ್ತು.

"ರಜೆ ಕೊಡಲ್ಲ ಅನ್ನೋಕೆ ನಾನ್ಯಾರು?" ಎಂದರು ದೊಡ್ಡ ಸಾಹೇಬರು. "ನಿನ್ನ ತಾಯಿ ನನ್ನ ತಾಯಿ ಇದ್ದ ಹಾಗೆ. ಆದ್ರೆ ನೀನು ಹೋದ್ರೆ ನಿನ್ನ ಜಾಗಕ್ಕೆ ಯಾರು?"

"ನನ್ನ ಜಾಗಕ್ಕೆ ಯಾರೂ ಬೇಡ ಸರ್. ಸರ್ವರ್ ಜಾಗಕ್ಕೆ ಇನ್ನೊಂದು ಸರ್ವರ್ ಬೇಕು."

"ಅಂದ್ರೆ?"

"ಒಂದು ಅಡುಗೆಮನೆ, ಇಬ್ಬರು ಓರಗಿತ್ತಿಯರು ಅಂದ್ಕೊಳ್ಳಿ ಸರ್. ಪಾತ್ರೆ ಪಡಗ ಇಬ್ಬರಿಗೂ ಒಂದೇ. ದೊಡ್ಡವಳು ಬಡಿಸ್ತಿರ್ತಾಳೆ. ಚಿಕ್ಕವಳು ಸುಮ್ನೆ ಕೂತು ದೊಡ್ಡವಳ ಎದೆಬಡಿತ ಕೇಳಿಸ್ಕೊಳ್ತಿರ್ತಾಳೆ, ಅಷ್ಟೇ. ದೊಡ್ಡವಳು ತಲೆ ತಿರುಗಿ ಬಿದ್ಲು ಅನ್ನಿ, ಎದೆಬಡಿತ ನಿಂತ ತಕ್ಷಣ ಚಿಕ್ಕವಳು ಸೌಟು ತಗೋತಾಳೆ. ಊಟಕ್ಕೆ ಕೂತವರಿಗೆ ಬಡಿಸೋ ಕೈ ಬದಲಾಗಿದ್ದೇ ಗೊತ್ತಾಗಲ್ಲ. ಬಿದ್ದವಳನ್ನ ನಾನು ಎರಡು ದಿನ ಬಿಟ್ಟು ಬಂದು ಎಬ್ಬಿಸಿದ್ರೂ ನಡೆಯುತ್ತೆ."

ಸಾಹೇಬರು ನಿಜವಾಗಿಯೂ ಕರಗಿದರು. "ಓರಗಿತ್ತಿಯರು ಇಷ್ಟು ಹೊಂದಿಕೊಂಡಿರೋ ಮನೆ ನಾನು ನೋಡಿಲ್ಲಪ್ಪ. ಇದಕ್ಕೆ ಏನಂತಾರೆ?"

"ಫೇಲ್ ಓವರ್ ಅಂತಾರೆ ಸರ್."

ಉಪನಿಯಮದವರ ಕೈಯಿಂದ ಪೆನ್ನು ಕೆಳಗೆ ಬಿತ್ತು. ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಫೇಲ್ ಎಂಬ ಪದ ಆ ಕೋಣೆಯಲ್ಲಿ ಅದೇ ಮೊದಲು ಕೇಳಿಬಂದದ್ದು.

"ಆ ಪದ ಕಡತಕ್ಕೆ ಬರೋ ಹಾಗಿಲ್ಲ ಮೇಡಂ," ಎಂದರು ಉಪನಿಯಮದವರು ತಗ್ಗಿದ ದನಿಯಲ್ಲಿ. "ಒಂದ್ಸಲ ಒಳಗೆ ಬಂದ್ರೆ ಹೊರಗೆ ಕಳಿಸೋಕೆ ಆಗಲ್ಲ. ಅಲ್ಲಾ, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತು ಕೆಲಸ ನೋಡ್ಕೊಳ್ಳೋದಕ್ಕೆ ನಮ್ಮಲ್ಲೇ ಮುತ್ತಿನಂಥ ಪದ ಇಲ್ವಾ? ಪ್ರಭಾರ!"

"ಪ್ರಭಾರ ಅಂತಲೇ ಬರೀರಿ ಸರ್," ಎಂದಳು ಸರ್ವರಮ್ಮ ಸಂತೋಷದಿಂದ. ಹೆಸರಲ್ಲೇನಿದೆ, ಅಮ್ಮನ ಕಣ್ಣು ಬಂದರೆ ಸಾಕು ಎಂಬುದು ಅವಳ ಲೆಕ್ಕ. ಎಡವಿದ್ದು ಅಲ್ಲೇ. ಬೇರೆ ಕಡೆ ಪ್ರಭಾರ ಅನ್ನುವುದು ಬರೀ ಪದವಿರಬಹುದು. ಈ ಕಚೇರಿಯಲ್ಲಿ ಅದು ನಿಯಮಾವಳಿಯ ಒಂದು ಇಡೀ ಅಧ್ಯಾಯ. ಪದ ಒಳಗೆ ಬಂದು ಕೂತಿತು. ಅಧ್ಯಾಯ ಹೊರಗೆ ಚಪ್ಪಲಿ ಬಿಡುತ್ತಿತ್ತು.

ಯಂತ್ರಗಳ ಖರೀದಿ ಅತ್ಯಂತ ಪಾರದರ್ಶಕವಾಗಿ ನಡೆಯಿತು. ಸಾಹೇಬರ ಮಗಳನ್ನು ಕೊಟ್ಟ ಮನೆಯ ಬೀಗರು ಅದುವರೆಗೆ ಬೀಗ ಮತ್ತು ಕಬ್ಬಿಣದ ಬೀರು ಮಾರುತ್ತಿದ್ದರು. ಸರ್ವರ್ ಕೂಡ ಒಂದು ಬಗೆಯ ಬೀರುವೇ, ಒಳಗೆ ಕಡತ ಇಡುತ್ತಾರೆ, ಹೊರಗೆ ಬೀಗ ಹಾಕುತ್ತಾರೆ ಎಂದು ಅವರು ಟೆಂಡರಿನಲ್ಲಿ ವಿವರಿಸಿದ್ದರು. ಕಚೇರಿಯ ಮುಖ್ಯಸ್ಥರ ಊಟತಿಂಡಿಯ ಅಭಿರುಚಿಯನ್ನು ಬಲ್ಲ ಸಂಸ್ಥೆಗೆ ಆದ್ಯತೆ ಕೊಡತಕ್ಕದ್ದು ಎಂಬ ಷರತ್ತನ್ನು ಅವರೊಬ್ಬರೇ ಪೂರೈಸಿದರು. ಹಳೆಯದನ್ನೂ ಬದಲಿಸಿಬಿಡೋಣ ಎಂದು ತರಿಸಿದ ಎರಡು ಯಂತ್ರಗಳಲ್ಲಿ ಒಂದರ ಮೇಲೆ ಇನ್ಯಾವುದೋ ಕಂಪನಿಯ ಚೀಟಿ ಅಂಟಿತ್ತು, ಇನ್ನೊಂದರ ಒಳಗೆ ಜೇಡ ಸಂಸಾರ ಹೂಡಿತ್ತು. ಆದರೂ ಅವು ಹೊಸವು ಎಂದು ಬೀಗರೇ ಬರೆದುಕೊಟ್ಟಿದ್ದರಿಂದ ಅವು ಹೊಸವೇ ಆದವು.

ಸರ್ವರಮ್ಮ ದೂರಲಿಲ್ಲ. ಜೇಡವನ್ನು ಮೆಲ್ಲಗೆ ಹೊರಗೆ ಬಿಟ್ಟು ಕೆಲಸಕ್ಕೆ ಕೂತಳು. ಕಡತಗಳನ್ನೆಲ್ಲ ಇಬ್ಬರಿಗೂ ಎಟುಕುವ ಹಾಗೆ ಒಂದೇ ಪೆಟ್ಟಿಗೆಯಲ್ಲಿಟ್ಟಳು. ಎದೆಬಡಿತ ಕೇಳುವುದಕ್ಕೆಂದು ಎರಡರ ನಡುವೆ ಒಂದು ತಂತಿ ಎಳೆದಳು. ಹೊರಗಿನವರಿಗೆಲ್ಲ ಒಂದೇ ವಿಳಾಸ. ಆ ಹೊತ್ತಿಗೆ ಯಾರು ಎಚ್ಚರವಿದ್ದಾರೋ ಅವರು ಆ ವಿಳಾಸದಲ್ಲಿ ಓಗೊಡಬೇಕು. ಎಲ್ಲ ಮುಗಿಸಿ, ಯಾರಿಗೂ ಹೇಳದೆ, ಕಚೇರಿ ತುಂಬಿ ತುಳುಕುವ ಹೊತ್ತಿನಲ್ಲಿ ಮೊದಲನೆಯದರ ಕರೆಂಟಿನ ಪಿನ್ ಕಿತ್ತಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೆಯದು ಕೆಲಸ ಎತ್ತಿಕೊಂಡಿತು. ಕಿಟಕಿಯಲ್ಲಿ ಮದುವೆ ಪತ್ರ ಕೊಡುತ್ತಿದ್ದ ಗುಮಾಸ್ತೆಗೆ ಏನೂ ಗೊತ್ತಾಗಲಿಲ್ಲ, ಪಡೆಯುತ್ತಿದ್ದ ಗಂಡಹೆಂಡಿರಿಗೂ ಗೊತ್ತಾಗಲಿಲ್ಲ. ಸರ್ವರಮ್ಮ ಕುಣಿಯುವುದೊಂದು ಬಾಕಿ. ಅಮ್ಮನಿಗೆ ಫೋನ್ ಮಾಡಿ, "ಡಾಕ್ಟರ ಹತ್ರ ದಿನ ಕೇಳ್ತೀನಿ ಕಣಮ್ಮ, ಈ ಸಲ ಯಾರು ಕರೆದರೂ ಏಳಲ್ಲ" ಎಂದಳು.

ಈ ನಡುವೆ ಲೆಕ್ಕ ತಪಾಸಣೆಯವರು ಬಂದು ಒಂದು ಆಕ್ಷೇಪ ಎತ್ತಿದ್ದರು: ಎರಡನೆಯ ಯಂತ್ರವು ವಿದ್ಯುತ್ ಸೇವಿಸುತ್ತ, ತಣ್ಣನೆಯ ಕೋಣೆಯಲ್ಲಿ, ಏನೂ ಮಾಡದೆ ಸುಮ್ಮನೆ ಕೂತಿರುವುದು ಕಂಡುಬಂದಿದೆ. ಉಪನಿಯಮದವರು ಒಂದೇ ಸಾಲಿನಲ್ಲಿ ಉತ್ತರ ಬರೆದರು: ಸುಮ್ಮನೆ ಕೂರುವುದು ಈ ಕಚೇರಿಯಲ್ಲಿ ಹುದ್ದೆಯ ಅವಿಭಾಜ್ಯ ಅಂಗವಾಗಿರುತ್ತದೆ. ತಪಾಸಣೆಯವರು ಅದನ್ನು ಒಪ್ಪಿದರು. ಎರಡನೆಯ ಸರ್ವರ್ ಬಗ್ಗೆ ಕಚೇರಿಯಲ್ಲಿ ಒಂದು ಆತ್ಮೀಯತೆಯೇ ಬೆಳೆದಿತ್ತು. ನಮ್ಮವನೇ ಒಬ್ಬ ಅನ್ನಿಸಿತ್ತು. ಅದು ಕೆಲಸ ಮಾಡಿದೆ ಎಂಬ ಸುದ್ದಿ ಹೊರಬಿದ್ದಾಗ ಎಲ್ಲರಿಗೂ ನೋವಾದದ್ದು ಇದೇ ಕಾರಣಕ್ಕೆ.

"ಯಾರ ಆದೇಶದ ಮೇಲೆ ಪ್ರಭಾರ ವಹಿಸ್ಕೊಂಡಿತು?" ಎಂದು ಉಪನಿಯಮದವರು ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು.

"ಯಾರದ್ದೂ ಬೇಡ ಸರ್, ಅದಕ್ಕೇ ಗೊತ್ತಾಗುತ್ತೆ. ಅದೇ ಅದರ ಚಂದ."

"ಚಂದ ಇರ್ಬಹುದು ಮೇಡಂ. ಶಿಸ್ತಲ್ಲ."

ಆ ಸಂಜೆ ಎರಡನೆಯ ಸರ್ವರಿನ ಹಣೆಯ ಮೇಲೆ, ಸರಿಯಾಗಿ ಅದು ಉಸಿರಾಡುವ ಜಾಲರಿಯ ಮೇಲೆ, ಒಂದು ನೋಟಿಸ್ ಅಂಟಿತು. 'ನೀವು ಸಕ್ಷಮ ಪ್ರಾಧಿಕಾರದ ಲಿಖಿತ ಆದೇಶವಿಲ್ಲದೆ, ಮೊದಲನೆಯ ಸರ್ವರ್ ಬಿದ್ದಿರುವುದನ್ನೇ ನೆಪ ಮಾಡಿಕೊಂಡು, ನಿಮ್ಮಷ್ಟಕ್ಕೆ ನೀವೇ ಪ್ರಭಾರ ವಹಿಸಿಕೊಂಡು ಕಚೇರಿಯ ವೇಳೆಯಲ್ಲಿ ಕೆಲಸ ಮಾಡಿರುತ್ತೀರಿ. ಹೇಳದೆ ಕೇಳದೆ ಕೆಲಸ ಮಾಡಿದ ನಿದರ್ಶನ ಈ ಕಚೇರಿಯ ಇತಿಹಾಸದಲ್ಲಿ ಇರುವುದಿಲ್ಲ. ಸದರಿ ದುರ್ನಡತೆಗಾಗಿ ನಿಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬ ಬಗ್ಗೆ ವಾರದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ನೀವು ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದುವರಿಯಲಾಗುವುದು.'

ವಾರ ಕಳೆಯಿತು. ಎರಡನೆಯ ಸರ್ವರ್ ಗುಯ್ ಅನ್ನುತ್ತಿದ್ದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಗುಯ್ ಅನ್ನುವುದನ್ನು ಗೊಣಗಾಟವೆಂದು ಪರಿಗಣಿಸಬೇಕೇ, ಪಶ್ಚಾತ್ತಾಪವೆಂದೇ ಎಂಬ ಬಗ್ಗೆ ಅಭಿಪ್ರಾಯಭೇದ ಬಂತು. ಕೊನೆಗೆ ಮೊದಲ ತಪ್ಪು, ಎಳೆಯ ಸರ್ವೀಸು ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ತನ್ನಷ್ಟಕ್ಕೆ ತಾನೇ ಎದ್ದು ಕೂರುವ ಏರ್ಪಾಡನ್ನು ಕಿತ್ತುಹಾಕುವಂತೆ ಸರ್ವರಮ್ಮನಿಗೆ ಆದೇಶವಾಯಿತು. ಇನ್ನು ಮುಂದೆ ಪ್ರಭಾರ ವಹಿಸಿಕೊಡುವವರೂ ವಹಿಸಿಕೊಳ್ಳುವವರೂ ಒಂದೇ ವರದಿಗೆ ಸಹಿ ಹಾಕತಕ್ಕದ್ದು.

"ಬಿದ್ದಿರೋ ಸರ್ವರ್ ಹೇಗೆ ಸಹಿ ಹಾಕುತ್ತೆ ಸರ್?" ಎಂದು ಕೇಳಿದಳು ಸರ್ವರಮ್ಮ.

"ಎಬ್ಬಿಸಿ ಹಾಕ್ಸಿ."

"ಎದ್ದ ಮೇಲೆ ಪ್ರಭಾರ ಯಾಕೆ ಬೇಕು?"

"ಅದನ್ನೇ ನಾನೂ ಹೇಳೋದು. ಸಹಿ ಹಾಕಿದ ಮೇಲೆ ಅದು ಮತ್ತೆ ಬೀಳಬೇಕಾಗುತ್ತೆ. ನೀವು ಸ್ವಲ್ಪ ಅದಕ್ಕೆ ತಿಳಿಸಿ ಹೇಳಿ."

"ಎಬ್ಬಿಸೋಕೆ, ಬೀಳಿಸೋಕೆ, ತಿಳಿಸಿ ಹೇಳೋಕೆ ಯಾರಿರ್ತಾರೆ?"

"ನೀವೇ ಮೇಡಂ, ಮತ್ಯಾರು?" ಎಂದರು ಉಪನಿಯಮದವರು. ಅವರ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು. ಆದರೆ ಪ್ರಭಾರದ ಅಧ್ಯಾಯದಲ್ಲಿ ಭತ್ಯೆಯ ವಿಷಯವೂ ಇತ್ತೆಂಬುದನ್ನು ದೊಡ್ಡ ಸಾಹೇಬರು ಆಗಲೇ ಓದಿಕೊಂಡಿದ್ದರು. ಹೆಚ್ಚುವರಿ ಪ್ರಭಾರ ವಹಿಸಿದವರಿಗೆ ಭತ್ಯೆ ಉಂಟು. ಎರಡನೆಯ ಸರ್ವರಿಗೆ ಬ್ಯಾಂಕಿನಲ್ಲಿ ಖಾತೆ ಇಲ್ಲವಾದ್ದರಿಂದ, ಅದರ ಪೋಷಕರ ಸ್ಥಾನದಲ್ಲಿ ನಿಂತು ಸಾಹೇಬರೇ ಆ ಮೊತ್ತವನ್ನು ಭಾರವಾದ ಮನಸ್ಸಿನಿಂದ ಪಡೆಯತಕ್ಕದ್ದು ಎಂದು ತೀರ್ಮಾನವಾಯಿತು. ಅಂದಿನಿಂದ ಅವರು ಬೆಳಿಗ್ಗೆ ಬಂದವರೇ ಮೊದಲನೆಯ ಸರ್ವರಿನ ಬಳಿ ಹೋಗಿ, ಹಾಸಿಗೆ ಹಿಡಿದ ಶ್ರೀಮಂತ ದೊಡ್ಡಪ್ಪನನ್ನು ವಿಚಾರಿಸುವ ಹಾಗೆ, "ಹೇಗಿದೆ ಈವತ್ತು? ಏನಾದ್ರೂ ಸುಸ್ತು?" ಎಂದು ಕೇಳತೊಡಗಿದರು.

ಸಹಿಯ ಆದೇಶವಾದ ದಿನ ಸರ್ವರಮ್ಮ ಮನೆಗೆ ಬಂದಾಗ ಅಮ್ಮ ಮಿಷನ್ನಿನ ಮುಂದೆಯೇ ಕೂತಿದ್ದಳು. ದೀಪ ಹಾಕಿರಲಿಲ್ಲ, ಅವಳಿಗೆ ದೀಪ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

"ಬಂದ್ಯಾ? ಕೋಟೋ ನೀನೋ?"

"ನಾನೇ ಅಮ್ಮ."

"ಹಾಗಾದ್ರೆ ಬಂದು ಬಿಡಿಸೇ. ಮಧ್ಯಾಹ್ನದಿಂದ ಎದ್ದೇಳೋಕೆ ಆಗಿಲ್ಲ."

ನೋಡಿದರೆ ಅಮ್ಮ ತನ್ನ ರವಿಕೆಯ ತೋಳನ್ನೇ ಗಿರಾಕಿಯ ಕಿಟಕಿ ಪರದೆಗೆ ಸೇರಿಸಿ ಹೊಲಿದುಕೊಂಡಿದ್ದಳು. ಹೊಲಿಗೆ ನೇರವಾಗಿತ್ತು, ಗಟ್ಟಿಯಾಗಿತ್ತು. ಆ ವಿಷಯದಲ್ಲಿ ಕುಂದು ಹೇಳುವ ಹಾಗಿರಲಿಲ್ಲ. "ಕರೆದ್ರೆ ಅಕ್ಕಪಕ್ಕದವರು ಬರ್ತಿದ್ರು. ನಗ್ತಾರೆ ಅಂತ ಕರೀಲಿಲ್ಲ," ಎಂದಳು ಅಮ್ಮ. ಸರ್ವರಮ್ಮ ಒಂದೊಂದೇ ಹೊಲಿಗೆ ಬಿಚ್ಚಿದಳು. ನಗು ಬಂತು, ಆಮೇಲೆ ಸಿಟ್ಟು ಬಂತು. ಅವಳು ಬಹಳ ಹೊತ್ತು ಯೋಚಿಸಿದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಇವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬೇಕು.

ಮರುದಿನ ಅವಳು ಸಾಹೇಬರ ಮುಂದೆ ಕೈಕಟ್ಟಿ ನಿಂತು ಹೇಳಿದಳು: "ಸರ್, ಒಂದು ಅಪಾಯ ಇದೆ. ಎರಡರ ನಡುವಿನ ತಂತಿ ತುಂಡಾದ್ರೆ ಇದು ಅದು ಸತ್ತಿದೆ ಅನ್ಕೊಳ್ಳುತ್ತೆ, ಅದು ಇದು ಸತ್ತಿದೆ ಅನ್ಕೊಳ್ಳುತ್ತೆ. ಇಬ್ಬರೂ ನಾನೇ ಯಜಮಾನ ಅಂತ ಒಂದೇ ಕಡತದ ಮೇಲೆ ಬರೀತಾರೆ. ಕಡತ ಚಿಂದಿಯಾಗುತ್ತೆ."

ಸಾಹೇಬರ ಮುಖ ಬಿಳಿಚಿತು. ಅವರಿಗೆ ಈ ಅನುಭವವಿತ್ತು. ಅವರು ಈ ಕುರ್ಚಿಗೆ ಬಂದ ಹೊಸದರಲ್ಲಿ ಹಿಂದಿನ ಸಾಹೇಬರು ಎದ್ದು ಹೋಗಲು ಒಪ್ಪದೆ ತಡೆಯಾಜ್ಞೆ ತಂದಿದ್ದರು. ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಒಬ್ಬರು ಹಾಕಿದ ಸಹಿಯನ್ನು ಇನ್ನೊಬ್ಬರು ಹೊಡೆದುಹಾಕುತ್ತ ಒಂದು ವರ್ಷ ದೂಡಿದ್ದರು. "ಇದಕ್ಕೆ ಪರಿಹಾರ?" ಎಂದು ಕೇಳಿದರು.

"ಮೂರನೆಯವರು ಒಬ್ಬರು ಬೇಕು ಸರ್. ಸಾಕ್ಷಿ. ಮೂವರಲ್ಲಿ ಇಬ್ಬರು ಹೌದು ಅಂದ್ರೆ ಅದು ಹೌದು. ಅದಕ್ಕೆ ಕೋರಂ ಅಂತಾರೆ."

"ಕೋರಂ!" ಎಂದು ಉಪನಿಯಮದವರು ಕುರ್ಚಿಯಿಂದ ಅರ್ಧ ಎದ್ದರು. ಕಂಪ್ಯೂಟರಿನ ವಿಷಯದಲ್ಲಿ ತನಗೆ ಗೊತ್ತಿರುವ ಪದವೊಂದು ಬಂದದ್ದು ಅವರಿಗೆ ಅದೇ ಮೊದಲು. "ಕೋರಂ ಇದ್ರೆ ಸಹಿ ಬೇಡ ಸರ್, ಉಪನಿಯಮ ಇದೆ. ಆದ್ರೆ ಸಾಕ್ಷಿ ಕಚೇರಿಯ ಯಂತ್ರ ಆಗೋ ಹಾಗಿಲ್ಲ. ನಮ್ಮ ಯಂತ್ರ ನಮ್ಮ ಪರವಾಗೇ ಹೇಳುತ್ತೆ. ಹೊರಗಿನವರಿರಬೇಕು, ಮನುಷ್ಯರಿರಬೇಕು, ಎರಡೂ ಸರ್ವರ್ ಮೇಲೆ ಆಸೆ ದ್ವೇಷ ಇರಬಾರದು."

ಸಾಹೇಬರು ಬೀಗರ ಹೆಸರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸರ್ವರಮ್ಮ ನೆಲ ನೋಡುತ್ತ ಹೇಳಿದಳು: "ನಮ್ಮಮ್ಮ ಇದ್ದಾರೆ ಸರ್. ಸರ್ವರ್ ಅಂದ್ರೆ ಹೋಟೆಲಲ್ಲಿ ತಟ್ಟೆ ತರೋರು ಅಂತಲೇ ಅವರ ತಿಳಿವಳಿಕೆ."

"ಅವರಿಗೆ ಕಣ್ಣು ಕಾಣಲ್ವಲ್ಲಮ್ಮ?"

"ಆಪರೇಶನ್ ಆದ್ರೆ ಕಾಣುತ್ತೆ ಸರ್. ನೇಮಕವಾದ ಸಾಕ್ಷಿಗೆ ಕಣ್ಣು ಕಾಣೋ ಹಾಗೆ ಮಾಡಿಸೋದು ಕಚೇರಿಯ ಹೊಣೆ, ಜೊತೆಗೆ ಹೋಗೋ ನೌಕರರಿಗೆ ಅದು ರಜೆಯಲ್ಲ, ಕರ್ತವ್ಯ. ಅಂಥದ್ದೊಂದು ಉಪನಿಯಮ ಇದೆಯಲ್ಲ ಸರ್?" ಎಂದು ಅವಳು ಉಪನಿಯಮದವರ ಕಡೆ ತಿರುಗಿದಳು.

ಅಂಥದ್ದು ಯಾವುದೂ ಇರಲಿಲ್ಲ. ಆದರೆ ತನಗೆ ಗೊತ್ತಿಲ್ಲದ ಉಪನಿಯಮವೊಂದು ಲೋಕದಲ್ಲಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಇದೆ ಎಂದುಬಿಡುವುದು ಅವರಿಗೆ ಸುಲಭವಾಗಿ ಕಂಡಿತು. "ಇಲ್ದೆ ಏನು? ಇದೆ," ಎಂದರು. ಸಂಜೆಯೊಳಗೆ ಅದನ್ನು ಬರೆದೂ ಬಿಟ್ಟರು. ಸರಿಯಾದ ಪ್ರಭಾರವಿಲ್ಲದೆ ಭತ್ಯೆಯಿಲ್ಲವಾದ್ದರಿಂದ ಸಾಹೇಬರು ಓದದೆ ಸಹಿ ಹಾಕಿದರು.

ಹೀಗೆ ಅಮ್ಮನ ಮೊದಲ ಕಣ್ಣಿನ ಆಪರೇಶನ್ ಕಚೇರಿಯ ಆದೇಶದ ಮೇರೆಗೆ ನಡೆಯಿತು. ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ, ಮೊದಲು ಒಂದು, ಅದು ವಾಸಿಯಾದ ಮೇಲೆ ಇನ್ನೊಂದು ಎಂದರು ಡಾಕ್ಟರು. ಸರ್ವರಮ್ಮ ಮಂಚದ ಪಕ್ಕದ ಸ್ಟೂಲಿನಲ್ಲಿ ಕರ್ತವ್ಯದ ಮೇಲೆ ಕೂತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಮ್ಮ ಅವಳ ಕೈ ಹಿಡಿದು, "ಈ ಸಲ ನೀನೇ ತಾನೆ? ಕೋಟಲ್ಲ ತಾನೆ?" ಎಂದು ಆಗಾಗ ಸವರಿ ನೋಡುತ್ತಿದ್ದಳು. ಸರ್ವರಮ್ಮನಿಗೆ ಹಲವು ವರ್ಷಗಳಿಂದ ಅಷ್ಟು ನೆಮ್ಮದಿ ಆಗಿರಲಿಲ್ಲ.

ಕಚೇರಿಯಲ್ಲಿ ಅದೇ ಹೊತ್ತಿಗೆ ದೊಡ್ಡ ಸಾಹೇಬರು ಊಟ ಮುಗಿಸಿ ಸರ್ವರ್ ಕೋಣೆಗೆ ಹೋಗಿ ಮಲಗಿದ್ದರು. ಆ ಕೋಣೆಯಷ್ಟು ನಿಶ್ಶಬ್ದವಾದ ಜಾಗ ಕಚೇರಿಯಲ್ಲಿ ಇನ್ನೊಂದಿರಲಿಲ್ಲ. ಸ್ವಲ್ಪ ಚಳಿಯಾಯಿತು, ಎದ್ದು ಏಸಿ ಆರಿಸಿ ಮತ್ತೆ ಮಲಗಿದರು. ಅವರು ಒಂದು ಒಳ್ಳೆಯ ನಿದ್ದೆ ಮುಗಿಸುವುದರೊಳಗೆ ಮೊದಲನೆಯ ಸರ್ವರ್ ಬಿಸಿಯೇರಿ ನಿಂತುಹೋಯಿತು. ಎರಡನೆಯದಕ್ಕೆ ಎದೆಬಡಿತ ನಿಂತದ್ದು ಗೊತ್ತಾಯಿತು. ಆದರೆ ಎಚ್ಚರಿಕೆ ಪಡೆದ ನೌಕರನಾದ್ದರಿಂದ ಅದು ಕುಳಿತಲ್ಲೇ ಕುಳಿತಿತ್ತು. ಹೊರಗೆ ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು. ಎದ್ದ ಸಾಹೇಬರು ಸಂತೋಷಕ್ಕೆ ಉಪನಿಯಮದವರನ್ನು ಅಪ್ಪಿಕೊಂಡರು.

"ಪ್ರಭಾರ ಕೊಡಿಸ್ರೀ!"

"ಕೋರಂ ಬೇಕು ಸರ್. ಕೋರಂ ಅಂದ್ರೆ ಮೂವರೂ ಒಂದೇ ಕಡೆ ಹಾಜರಿರಬೇಕು."

ಸಾಕ್ಷಿ ಏಳುವ ಹಾಗಿಲ್ಲವಾದ್ದರಿಂದ ಉಳಿದಿಬ್ಬರು ಹೋಗತಕ್ಕದ್ದೆಂದು ಗೊತ್ತಾಯಿತು. ಎರಡೂ ಸರ್ವರುಗಳನ್ನು ಬೀಗರ ವ್ಯಾನಿನಲ್ಲಿ ಹಾಕಿ ಆಸ್ಪತ್ರೆಗೆ ತಂದರು. ಅಲ್ಲಿಂದ ವಾರ್ಡಿಗೆ ಗಾಲಿಮಂಚದ ಮೇಲೆ ತಳ್ಳಿಕೊಂಡು ಬಂದಾಗ ನರ್ಸ್ ಬಾಗಿಲಲ್ಲೇ ತಡೆದಳು.

"ಪೇಶಂಟ್ ಯಾರು?"

"ಇದು," ಎಂದರು ಉಪನಿಯಮದವರು ಮೊದಲನೆಯದನ್ನು ತೋರಿಸಿ.

"ಪೇಶಂಟ್ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ."

"ಒಬ್ಬರೇ ಬಂದಿರೋದು," ಎಂದು ಎರಡನೆಯದನ್ನು ತೋರಿಸಿದರು. ನಿಯಮಕ್ಕೆ ನಿಯಮ ಸರಿಹೋದದ್ದರಿಂದ ನರ್ಸ್ ದಾರಿ ಬಿಟ್ಟಳು.

ಸರ್ವರಮ್ಮ ಸ್ಟೂಲಿನಿಂದ ಎದ್ದು ನಿಂತಳು. ಉಪನಿಯಮದವರು ಗಂಟಲು ಸರಿಮಾಡಿಕೊಂಡು, ಸಾಕ್ಷಿಯು ಮೊದಲನೆಯ ಸರ್ವರನ್ನು ಪರಿಶೀಲಿಸತಕ್ಕದ್ದು ಎಂದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ; ಅಮ್ಮ ಕೈಯಿಂದಲೇ ಪರಿಶೀಲಿಸಿದಳು.

"ಪಾಪ, ತಣ್ಣಗಾಗ್ಬಿಟ್ಟಿದೆಯಲ್ಲಪ್ಪ. ಯಾರ ಮನೇದು?"

"ಎರಡನೇದು?" ಎಂದರು ಉಪನಿಯಮದವರು, ಅದರ ಪಿನ್ನನ್ನು ಗೋಡೆಗೆ ಸಿಕ್ಕಿಸಿ.

"ಇದು ಗುಯ್ ಅಂತಿದೆ. ಇದಕ್ಕಿನ್ನೂ ವಯಸ್ಸಿದೆ."

"ಹಾಗಾದ್ರೆ ಇದು ಪ್ರಭಾರ ವಹಿಸ್ಕೊಳ್ಳೋದಕ್ಕೆ ನಿಮ್ಮ ಅಭ್ಯಂತರ ಇಲ್ವಾ ಅಮ್ಮ?"

"ಯಾರೋ ಒಬ್ಬರು ಕೆಲಸ ಮಾಡಿದ್ರೆ ಸಾಕಪ್ಪ," ಎಂದಳು ಅಮ್ಮ.

ಇಷ್ಟು ಖಚಿತವಾದ ಸಾಕ್ಷ್ಯವನ್ನು ತಾವು ಹಿಂದೆಂದೂ ಕೇಳಿರಲಿಲ್ಲ ಎಂದು ಉಪನಿಯಮದವರು ಷರಾ ಬರೆದರು. ಪ್ರಭಾರ ವಹಿಸಿಕೊಂಡ ಎರಡನೆಯ ಸರ್ವರನ್ನು ಆರಿಸಿ, ವ್ಯಾನಿಗೆ ಹಾಕಿ, ಕಚೇರಿಗೆ ತಂದು ಮತ್ತೆ ಹೊತ್ತಿಸಲಾಯಿತು. ಈ ಅವಧಿಯಲ್ಲಿ ಸಾರ್ವಜನಿಕರಿಗೆ ಯಾವುದೇ ಅಡಚಣೆ ಆಗಲಿಲ್ಲ. ಅವರೆಲ್ಲ ಆಗಲೇ ಮನೆಗೆ ಹೋಗಿದ್ದರು. ನಿರಂತರ ಸೇವೆಯಲ್ಲಿ ಕಚೇರಿಯ ಸಾಧನೆ ಎಂಬ ಪ್ರಕಟಣೆ ಹೊರಬಿತ್ತು. ಭತ್ಯೆ ಸೇರಬೇಕಾದಲ್ಲಿಗೆ ಸೇರಿತು.

ಪಟ್ಟಿ ಬಿಚ್ಚಿದ ದಿನ ಅಮ್ಮ ಮೊದಲು ನೋಡಿದ್ದು ಮಗಳ ಮುಖ. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕಿವಿಯ ಪಕ್ಕದ ಕೂದಲು ಮುಟ್ಟಿ, "ಈ ನರೆ ಯಾವಾಗ ಬಂತೇ?" ಎಂದಳು. ಯಾವಾಗ ಬಂತೆಂದು ಸರ್ವರಮ್ಮನಿಗೂ ಗೊತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಅತ್ತರು. ಇನ್ನೊಂದು ಕಣ್ಣಿಗೂ ತಡ ಮಾಡಬೇಡಿ, ಅದರ ಪೊರೆ ಇದಕ್ಕಿಂತ ಗಟ್ಟಿಯಾಗಿದೆ ಎಂದು ಡಾಕ್ಟರು ದಿನ ಬರೆದುಕೊಟ್ಟರು.

ಸರ್ವರಮ್ಮ ಅದನ್ನು ಹಿಡಿದು ಉಪನಿಯಮದವರ ಮುಂದೆ ನಿಂತಳು. ಅವರು ಕನ್ನಡಕ ಏರಿಸಿ ಓದಿದರು.

"ಮೊದಲನೇ ಕಣ್ಣು ಕೆಲಸ ಮಾಡ್ತಿದೆಯಾ ಮೇಡಂ?"

"ಚೆನ್ನಾಗಿ ಮಾಡ್ತಿದೆ ಸರ್."

"ಒಂದು ಕೆಲಸ ಮಾಡ್ತಿರುವಾಗ ಎರಡನೇದು ಸುಮ್ನೆ ಕೂರಬೇಕಲ್ವಾ? ಈ ವ್ಯವಸ್ಥೆ ತಂದಿದ್ದೇ ನೀವು."

"ಸುಮ್ನೆ ಕೂರೋದಕ್ಕೂ ಅದು ಚೆನ್ನಾಗಿರಬೇಕು ಸರ್! ಇದು ಬಿದ್ದಾಗ ಅದು ಏಳಬೇಕಲ್ಲ?"

"ಮೇಡಂ," ಎಂದರು ಉಪನಿಯಮದವರು ಬಹಳ ಮೃದುವಾಗಿ, ಸುತ್ತಲಿನ ಮೇಜುಗಳ ಕಡೆ ಕೈ ತೋರಿಸಿ, "ಇಲ್ಲಿ ಸುಮ್ನೆ ಕೂತಿರೋರಲ್ಲಿ ಯಾರು ಚೆನ್ನಾಗಿದ್ದಾರೆ ಹೇಳಿ?"

ಸರ್ವರಮ್ಮ ಸುತ್ತ ನೋಡಿದಳು. ಕಿಟಕಿಯ ಸಾಲಿನವರ ಹಾಗೆ ಡಾಕ್ಟರ ಚೀಟಿಯನ್ನು ಮತ್ತೆ ಚೀಲಕ್ಕೆ ತುರುಕಿಕೊಂಡಳು.

ಆದೇಶ ಮನೆಗೇ ಬಂತು. ಅಮ್ಮ ಅದನ್ನು ಮಗಳ ಕೈಯಿಂದ ಕಿತ್ತುಕೊಂಡು, ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಜೋರಾಗಿ ಓದಿದಳು. 'ಸಾಕ್ಷಿಯ ಮೊದಲನೆಯ ಕಣ್ಣು ಕಾರ್ಯನಿರತವಾಗಿರುವವರೆಗೆ ಎರಡನೆಯ ಕಣ್ಣು ಸುಮ್ಮನೆ ಕೂರತಕ್ಕದ್ದು. ಮೊದಲನೆಯದು ಬಿದ್ದಲ್ಲಿ, ಎರಡೂ ಕಣ್ಣುಗಳು ಸಾಕ್ಷಿಯೊಂದಿಗೆ ಈ ಕಚೇರಿಯಲ್ಲಿ ಖುದ್ದು ಹಾಜರಾದರೆ ಪ್ರಭಾರದ ಬಗ್ಗೆ ಪರಿಶೀಲಿಸಲಾಗುವುದು. ಸಮ್ಮತಿಸಿ ಸಹಿ ಮಾಡತಕ್ಕದ್ದು.' ಓದಿ ಮುಗಿಸಿದಾಗ ಅವಳ ಮುಖ ಅರಳಿತ್ತು. ಎಷ್ಟೋ ವರ್ಷಗಳ ಮೇಲೆ ಅವಳು ಒಂದು ಪುಟ ಪೂರ್ತಿ ಓದಿದ್ದಳು.

"ಸರಿಯಾಗೇ ಹೇಳಿದ್ದಾರಲ್ಲೇ," ಎಂದಳು. "ಸೂಜಿ ಪೋಣಿಸುವಾಗ ಹೇಗೂ ಒಂದು ಕಣ್ಣು ಮುಚ್ಚಲೇಬೇಕು."

"ಅಮ್ಮ, ಅದು ಕಲ್ಲಾಗುತ್ತೆ ಅಮ್ಮ. ಸಹಿ ಹಾಕಬೇಡ."

"ಸುಮ್ನಿರೇ. ದೊಡ್ಡವರು ಇಷ್ಟು ಚೆನ್ನಾಗಿ ಟೈಪ್ ಮಾಡಿ ಕಳಿಸಿದ್ದಾರೆ." ಅಮ್ಮ ಪೆನ್ನು ತೆಗೆದುಕೊಂಡಳು. ಸರ್ವರಮ್ಮ ಅಭ್ಯಾಸಬಲದಿಂದ ಸಹಿಯ ಜಾಗದಲ್ಲಿ ಬೆರಳಿಡಲು ಹೋದಳು. ಅಮ್ಮ ಆ ಬೆರಳನ್ನು ಪಕ್ಕಕ್ಕೆ ಸರಿಸಿದಳು. "ತೋರಿಸಬೇಡ. ಎಲ್ಲಿ ಹಾಕ್ಬೇಕು ಅಂತ ನನಗೇ ಕಾಣ್ತಿದೆ," ಎಂದು ಹೆಮ್ಮೆಯಿಂದ ಹೇಳಿ, ಗೆರೆಯಿಂದ ಒಂದು ಕೂದಲಿನಷ್ಟೂ ಆಚೀಚೆ ಹೋಗದ ಹಾಗೆ ಸಹಿ ಹಾಕಿದಳು.